ಅಪ್ಪನ ಓದು, ಮಗಳ ಮಾರ್ಕ್ಸು

ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಸಂಜೆ ಆರೂವರೆಗೆ ನಿಂತು ನೋಡಬೇಕು. ಮೇಲೆ ಮೆಟ್ರೊ, ಕೆಳಗೆ ನೆಲಮಂಗಲದ ಬಸ್ಸು, ನಡುವೆ ನುಗ್ಗುವ ಆಟೋ. ಪೀಣ್ಯದ ಶಿಫ್ಟು ಬಿಟ್ಟಿರುತ್ತದೆ. ಖಾಲಿ ಊಟದ ಡಬ್ಬಿ ಹಿಡಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಉಗುರಿನ ಸಂದಿಯಲ್ಲಿ ಗ್ರೀಸು ಉಳಿದ ಟರ್ನರ್‌ಗಳು, ಫಿಟ್ಟರ್‌ಗಳು ಎಂಟನೇ ಮೈಲಿ ಕಡೆಯಿಂದ ನಡೆದು ಬರುತ್ತಾರೆ. ಮನೆಗೆ ಹೋಗುವ ಮೊದಲು ಅವರಲ್ಲಿ ಎಷ್ಟೋ ಜನ ನಿಲ್ಲುವುದು ಎರಡೇ ಅಂಗಡಿ ಮುಂದೆ. ಒಂದು ತರಕಾರಿಯದು. ಇನ್ನೊಂದು ಪೆನ್ನು-ಪುಸ್ತಕದ್ದು.

ಪುಸ್ತಕದಂಗಡಿಯಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ: "ಅಣ್ಣಾ, ಅದೇನೋ ಸೋಲಾರ್ ಸಿಸ್ಟಂ ಅಂತೆ. ಮಗೀಗೆ ನಾಳೆ ಬೆಳಗ್ಗೆಗೇ ಬೇಕಂತೆ. ರೆಡಿ ಮಾಡಿದ್ದು ಇದ್ರೆ ಕೊಟ್‌ಬಿಡಿ."

ಅಂಗಡಿಯವ ಥರ್ಮೋಕೋಲಿನ ಸೂರ್ಯನನ್ನು, ಬಣ್ಣ ಬಳಿದ ಗ್ರಹಗಳನ್ನು ಪೇಪರ್‌ನಲ್ಲಿ ಸುತ್ತಿ ಕೊಡುತ್ತಾನೆ. ಅದೇ ಹೊತ್ತಿಗೆ ಸ್ಕೂಟರಿನಲ್ಲಿ ಬಂದ ಇನ್ನೊಬ್ಬ ಅಪ್ಪ ಎರಡು ಥರ್ಮೋಕೋಲ್ ಶೀಟು, ಒಂದು ಫೆವಿಕಾಲ್, ನಾಲ್ಕು ಬಣ್ಣ ಎಂದು ಲೆಕ್ಕ ಹಾಕಿ ಕೊಂಡೊಯ್ಯುತ್ತಾನೆ. ಮರುದಿನ ಎರಡೂ ಸೂರ್ಯಮಂಡಲ ಒಂದೇ ಬೆಂಚಿನ ಮೇಲೆ ಕೂರುತ್ತವೆ. ಒಂದನ್ನು ದುಡ್ಡು ಕೊಟ್ಟು ತಂದದ್ದು. ಇನ್ನೊಂದನ್ನು ಅಪ್ಪ ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ್ದು. ಎರಡರಲ್ಲೂ ಮಗುವಿನ ಕೈ ಎಷ್ಟಿದೆಯೋ ದೇವರೇ ಬಲ್ಲ. ಮಾರ್ಕ್ಸು ಮಾತ್ರ ಮಗುವಿನ ಹೆಸರಿಗೆ ಬೀಳುತ್ತದೆ.

ಶಾಲೆ ಕೊಟ್ಟದ್ದು ಮಗುವಿಗೆ ಹೋಂವರ್ಕು. ಪರೀಕ್ಷೆ ನಡೆದದ್ದು ಅಪ್ಪ ಅಮ್ಮನಿಗೆ. ಓದಿದ ತಂದೆ-ತಾಯಿಯ ಮಕ್ಕಳು ಮುಂದೆ, ಓದದವರ ಮಕ್ಕಳು ಹಿಂದೆ ಎಂಬ ಮಾತು ಊರಲ್ಲೆಲ್ಲ ಇದೆ. ಅದು ಎಷ್ಟು ನಿಜ, ಎಷ್ಟು ಸುಳ್ಳು, ಅದರಿಂದ ಲಾಭ ಯಾರಿಗೆ ಎಂದು ಒಮ್ಮೆ ಬಿಡಿಸಿ ನೋಡುವ ಕಾಲ ಬಂದಿದೆ.

ಫಾರಂ ಕೇಳುವ ಪ್ರಶ್ನೆ

ಅಡ್ಮಿಷನ್ ಕಾಲದಲ್ಲಿ ಖಾಸಗಿ ಶಾಲೆಗಳು ಕೊಡುವ ಫಾರಂಗಳಲ್ಲಿ ಮಗುವಿನ ಹೆಸರು, ಹುಟ್ಟಿದ ತಾರೀಕಿನ ಕೆಳಗೆ ಸಾಮಾನ್ಯವಾಗಿ ಒಂದು ಕಾಲಂ ಇರುತ್ತದೆ: "ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ". ಸೇರುವುದು ಮಗು. ಓದಿನ ಲೆಕ್ಕ ಕೇಳುವುದು ಹೆತ್ತವರದ್ದು. ಕೆಲವು ಕಡೆ ಇದು ಬರೀ ಫಾರಂನಲ್ಲಿ ಮುಗಿಯುವುದಿಲ್ಲ. "ಪೇರೆಂಟ್ಸ್ ಇಂಟರಾಕ್ಷನ್" ಎಂಬ ಮೃದುವಾದ ಹೆಸರಿನಲ್ಲಿ ಇಬ್ಬರನ್ನೂ ಕೂರಿಸಿ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿಸಿ ನೋಡುವುದೂ ಉಂಟು. ಬೆವರು ಒರೆಸಿಕೊಂಡು ಹೊರಬರುವ ಅಪ್ಪನಿಗೆ ತಾನು ಫೇಲಾದೆನೋ ಪಾಸಾದೆನೋ ತಿಳಿಯುವುದಿಲ್ಲ. "ಫೋನ್ ಮಾಡ್ತೀವಿ" ಅನ್ನುತ್ತಾರೆ. ಫೋನು ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಂ ಸ್ಪಷ್ಟವಾಗಿದೆ. ಶಾಲೆಗೆ ಸೇರಿಸಿಕೊಳ್ಳುವಾಗ ಡೊನೇಷನ್ ಕೇಳುವಂತಿಲ್ಲ. ಮಗುವನ್ನಾಗಲಿ, ಅದರ ತಂದೆ-ತಾಯಿಯನ್ನಾಗಲಿ ಜರಡಿ ಹಿಡಿಯುವಂತಿಲ್ಲ. ಜರಡಿ ಹಿಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ. ಈ ಕಾಯಿದೆ 6ರಿಂದ 14 ವಯಸ್ಸಿನ ಮಕ್ಕಳದ್ದು. ಎಲ್‌ಕೆಜಿಗೆ ಇದರ ಕೈ ಎಟುಕುತ್ತದೆಯೇ ಎಂಬ ವಾದ ಬೇರೆ ಇದೆ. ಅಲ್ಪಸಂಖ್ಯಾತ ಸಂಸ್ಥೆಗಳು 2014ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇದರಿಂದ ಹೊರಗಿವೆ. ಆದರೂ 1ರಿಂದ 8ನೇ ತರಗತಿವರೆಗೆ ಉಳಿದ ಶಾಲೆಗಳಿಗೆ ಕಾನೂನು ಇದೇ.

ಶಾಲೆಗಳು ಹೀಗೇಕೆ ಮಾಡುತ್ತವೆ? ಕಾರಣ ಗುಟ್ಟೇನಲ್ಲ. ಓದಿದ ಮನೆಯ ಮಗು ಅರ್ಧ ಕಲಿತೇ ಬರುತ್ತದೆ. ಉಳಿದರ್ಧವನ್ನು ಸಂಜೆ ಮನೆಯವರೇ ಕಲಿಸುತ್ತಾರೆ, ಇಲ್ಲವೆ ಟ್ಯೂಷನ್ ಇಡುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದಾಗ "ಶೇ. 100 ಫಲಿತಾಂಶ" ಎಂದು ತುಮಕೂರು ರಸ್ತೆ ತುಂಬ ಬ್ಯಾನರ್ ಬೀಳುತ್ತದೆ. ಬೆಂದ ಅನ್ನವನ್ನು ಒಲೆ ಮೇಲಿಟ್ಟು ಅಡುಗೆ ನನ್ನದೇ ಎನ್ನುವ ಜಾಣತನ ಇದು. ಜರಡಿ ಹಿಡಿಯದೆ ಬಂದವರನ್ನೆಲ್ಲ ಸೇರಿಸಿಕೊಳ್ಳುವ ಸರ್ಕಾರಿ ಶಾಲೆ ಶೇ. 70 ತಂದರೆ ಅದಕ್ಕೆ ಬ್ಯಾನರ್ ಇಲ್ಲ, ನೋಟೀಸು ಉಂಟು.

ಅಂಕಿ ಏನನ್ನುತ್ತದೆ?

ಊರ ಮಾತಿನಲ್ಲಿ ಹುರುಳಿಲ್ಲವೆ? ಇದೆ. ಬೇಕಾದಷ್ಟಿದೆ.

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ಎಂಬ ಸಮಾಜಶಾಸ್ತ್ರಿ ಸರ್ಕಾರಕ್ಕೆ ಒಂದು ದೊಡ್ಡ ವರದಿ ಕೊಟ್ಟರು. ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಬರೆದದ್ದು. ಶಾಲೆಯ ಕಟ್ಟಡ, ಲ್ಯಾಬು, ಖರ್ಚು ಇವಕ್ಕಿಂತ ಮಗು ಎಂಥ ಮನೆಯಿಂದ ಬಂದಿದೆ ಎಂಬುದೇ ಅದರ ಕಲಿಕೆಯನ್ನು ಹೆಚ್ಚು ತೀರ್ಮಾನಿಸುತ್ತದೆ ಎಂಬುದು ಅದರ ಸಾರ. ಶಾಲೆ ಕಟ್ಟಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದವರಿಗೆ ಅದು ಕಹಿ ಔಷಧಿಯಾಯಿತು.

ಅಮೆರಿಕ ದೂರ. ನಮ್ಮದನ್ನೇ ನೋಡಿ. 2011ರ ಜನಗಣತಿ ಪ್ರಕಾರ ರಾಜ್ಯದ ಸಾಕ್ಷರತೆ ಶೇ. 75.36. ಉಡುಪಿಯದು 86.24, ಯಾದಗಿರಿಯದು 51.83. ಯಾದಗಿರಿಯ ಹೆಂಗಸರದ್ದು ಇನ್ನೂ ಕಡಿಮೆ, ಶೇ. 41ರ ಆಸುಪಾಸು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ತಂದು ರಾಜ್ಯಕ್ಕೆ ಮೊದಲು. ಯಾದಗಿರಿ ಶೇ. 50.59ಕ್ಕೆ ಕೊನೆ. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ಕಲಬುರಗಿ ಶೇ. 42.43ರೊಂದಿಗೆ ಕೊನೆ. 2025ರಲ್ಲಿ ಹತ್ತನೇ ತರಗತಿ ಬರೆದ ಹುಡುಗಿ 2011ರಲ್ಲಿ ಎರಡು ವರ್ಷದ ಕೂಸು. ಆ ಗಣತಿಯಲ್ಲಿ "ಓದು ಬರಹ ಬಾರದು" ಎಂದು ಬರೆಸಿದವರಲ್ಲಿ ಅವಳ ಅವ್ವನೂ ಇದ್ದಿರಬಹುದು. ಹದಿನಾಲ್ಕು ವರ್ಷದ ಮೇಲೆ ಆ ಬರಹ ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಮುಗಿಯಿತು. ಆದರೆ ಅಂಕಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು.

2019ರಲ್ಲಿ ರಾಜ್ಯಕ್ಕೆ ಮೊದಲು ಬಂದದ್ದು ಉಡುಪಿಯೂ ಅಲ್ಲ, ಮಂಗಳೂರೂ ಅಲ್ಲ. ಹಾಸನ. ಎರಡನೆಯದು ರಾಮನಗರ. ಹಾಸನದ ಸಾಕ್ಷರತೆ ರಾಜ್ಯದ ಸರಾಸರಿಗಿಂತ ಒಂದು ಕೂದಲೆಳೆ ಹೆಚ್ಚು. ರಾಮನಗರದ್ದು ಶೇ. 69ರ ಚಿಲ್ಲರೆ, ಅಂದರೆ ಸರಾಸರಿಗಿಂತ ಆರು ಪಾಯಿಂಟ್ ಕಡಿಮೆ! "ಅದೆಲ್ಲ ಕಾಪಿ ಕಣ್ರೀ" ಎನ್ನುವವರಿದ್ದಾರೆ. ಆ ಗುಮಾನಿಗೆ ಕಾರಣವೂ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಬಿತ್ತು. ಅದೂ ಕೃಪಾಂಕದ ಊರುಗೋಲು ಕೊಟ್ಟ ಮೇಲೆ! 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ 2024ರಲ್ಲಿ 21ಕ್ಕೆ ಜಾರಿತು. ಹಾಸನ ಮಾತ್ರ ಕ್ಯಾಮೆರಾ ಬಂದ ಮೇಲೂ, 2024 ಮತ್ತು 2025ರಲ್ಲಿ, ಮೇಲಿನ ಹತ್ತರೊಳಗೇ ಉಳಿಯಿತು. ಸರಾಸರಿ ಸಾಕ್ಷರತೆಯ ಜಿಲ್ಲೆಯೊಂದು ಮೇಲೆ ನಿಲ್ಲುವುದು ಸಾಧ್ಯವೆಂದಾದರೆ ಮಗುವಿನ ಹಣೆಬರಹವನ್ನು ಅಪ್ಪನ ಸರ್ಟಿಫಿಕೇಟು ಒಂದೇ ಬರೆಯುವುದಿಲ್ಲ ಎಂದಾಯಿತು.

ಕೋಲ್‌ಮನ್ ಮಾತಿಗೂ ಹೀಗೇ ಒಂದು ಉತ್ತರ ಬಂತು. 1983ರಲ್ಲಿ ಹೇಯ್ನ್‌ಮನ್, ಲಾಕ್ಸ್‌ಲಿ ಎಂಬಿಬ್ಬರು 29 ದೇಶಗಳ ಲೆಕ್ಕ ಕೂಡಿಸಿ ನೋಡಿದರು. ಶ್ರೀಮಂತ ದೇಶದಲ್ಲಿ ಮನೆಯ ತೂಕ ಹೆಚ್ಚು ನಿಜ, ಆದರೆ ಬಡ ದೇಶಗಳಲ್ಲಿ ಶಾಲೆ ಮತ್ತು ಮೇಷ್ಟ್ರ ತೂಕವೇ ಹೆಚ್ಚು ಎಂದು ಬರೆದರು. ಆಮೇಲೆ ಅದರ ಮೇಲೂ ಪಂಡಿತರ ಜಗಳ ನಡೆದಿದೆ. ಆದರೆ ನಾಗಸಂದ್ರದವರಿಗೆ ಅದರಲ್ಲಿ ಒಂದು ಮಾತು ಹತ್ತಿರದ್ದು: ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಶಾಲೆಯ ಪುಸ್ತಕವೇ ಮೊದಲನೆಯದು, ಕೊನೆಯದು. ಅದಕ್ಕೆ ಒಳ್ಳೆ ಮೇಷ್ಟ್ರು ಸಿಕ್ಕರೆ ಆಗುವ ಲಾಭ ದೊಡ್ಡದು, ಸಿಗದಿದ್ದರೆ ಆಗುವ ನಷ್ಟವೂ ದೊಡ್ಡದು.

ಓದಿದ ಅಪ್ಪ ಕೊಡುವುದೇನು?

ಓದು ರಕ್ತದಲ್ಲಿ ಇಳಿಯುತ್ತದೆ ಎಂಬ ಹಳೇ ನಂಬಿಕೆ ನಮ್ಮಲ್ಲಿ ಗಟ್ಟಿ. "ಅವರ ವಂಶದಲ್ಲೇ ವಿದ್ಯೆ ಐತೆ ಬಿಡಿ" ಎನ್ನುತ್ತಾರೆ. ಡಿಗ್ರಿ ರಕ್ತದಲ್ಲಿ ಹರಿಯುವ ವಸ್ತುವಲ್ಲ. ಓದಿದ ತಂದೆ-ತಾಯಿ ಮಕ್ಕಳಿಗೆ ಕೊಡುವ ಸಾಮಾನುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು.

ಮೊದಲನೆಯದು ಮಾತು. 1995ರಲ್ಲಿ ಹಾರ್ಟ್ ಮತ್ತು ರಿಸ್ಲಿ ಎಂಬ ಅಮೆರಿಕದ ಸಂಶೋಧಕರು 42 ಮನೆಗಳಲ್ಲಿ ಕೂತು ಮಕ್ಕಳ ಕಿವಿಗೆ ಬೀಳುವ ಮಾತನ್ನು ಎಣಿಸಿದ್ದನ್ನು ಪ್ರಕಟಿಸಿದರು. ಓದಿದ ಮನೆಗಳಲ್ಲಿ ಮಾತು ಬಹಳ ಹೆಚ್ಚು, ಬಡ ಮನೆಗಳಲ್ಲಿ ಬಹಳ ಕಡಿಮೆ ಎಂದರು. ಇನ್ನೊಂದು ತಂಡ 2018ರ ಹೊತ್ತಿಗೆ ಅದನ್ನು ಮತ್ತೆ ಎಣಿಸಿ, ಅಂತರ ಅಷ್ಟೊಂದಿಲ್ಲ, ಅಜ್ಜಿ-ಚಿಕ್ಕಮ್ಮ-ನೆರೆಮನೆಯವರ ಮಾತನ್ನೂ ಸೇರಿಸಿ ಎಂದಿತು. ನಮ್ಮ ವಠಾರಗಳನ್ನು ಬಲ್ಲವರಿಗೆ ಎರಡನೆಯ ಮಾತೇ ಸರಿ ಕಾಣುತ್ತದೆ. ಕೊರತೆ ಮಾತಿನದ್ದಲ್ಲ. ಪರೀಕ್ಷೆಯ ಪುಸ್ತಕದಲ್ಲಿರುವ ಮಾತು ಮನೆಯಲ್ಲಿ ಕೇಳಿಬರುವುದಿಲ್ಲ, ಕೊರತೆ ಅಲ್ಲಿರುವುದು.

ಎರಡನೆಯದು ದಾರಿಯ ತಿಳಿವಳಿಕೆ. ಯಾವ ಸರ್ಟಿಫಿಕೇಟು ಯಾವಾಗ ಮಾಡಿಸಬೇಕು, ಸ್ಕಾಲರ್‌ಷಿಪ್ಪಿಗೆ ಆನ್‌ಲೈನ್ ಅರ್ಜಿ ಎಲ್ಲಿ ಹಾಕಬೇಕು, ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ತೆಗೆದುಕೊಂಡರೆ ಯಾವ ಬಾಗಿಲು ಮುಚ್ಚುತ್ತದೆ, ಡಿಪ್ಲೊಮಾ ಮಾಡಿದರೂ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು ಎಂಬಂಥ ಸಂಗತಿ. ಓದಿದ ಮನೆಯಲ್ಲಿ ಇದು ಕಾಫಿ ಕುಡಿಯುವಾಗ ಬರುವ ಮಾತು. ಓದದ ಮನೆಯಲ್ಲಿ ಸೈಬರ್ ಸೆಂಟರಿನ ಹುಡುಗ ಹೇಳಿದ್ದೇ ವೇದವಾಕ್ಯ. ಬುದ್ಧಿವಂತ ಮಕ್ಕಳು ಎಡವುವುದು ಗಣಿತದ ಲೆಕ್ಕಕ್ಕಿಂತ ಹೆಚ್ಚಾಗಿ ಇಲ್ಲೇ.

ಮೂರನೆಯದು ಧೈರ್ಯ. ಓದಿದ ತಾಯಿ ಶಾಲೆಗೆ ಹೋಗಿ ಕುರ್ಚಿ ಎಳೆದು ಕೂತು, "ಮಗಳಿಗೆ ಇಂಗ್ಲಿಷಲ್ಲಿ ಯಾಕೆ ಇಷ್ಟು ಕಮ್ಮಿ?" ಎಂದು ಕೇಳುತ್ತಾಳೆ. ಗಾರ್ಮೆಂಟ್ಸ್ ತಾಯಿ ಬಾಗಿಲ ಹತ್ತಿರ ನಿಂತು, "ನೀವೇ ಒಸಿ ಬುದ್ಧಿ ಹೇಳಿ ಮಿಸ್" ಎಂದು ಬರುತ್ತಾಳೆ. ಒಬ್ಬಳು ಲೆಕ್ಕ ಕೇಳಿದಳು, ಇನ್ನೊಬ್ಬಳು ಕ್ಷಮೆ ಕೇಳಿದಳು. ಟೀಚರು ಯಾರ ಮಗಳ ಪುಸ್ತಕವನ್ನು ಮರುದಿನ ತೆರೆದು ನೋಡುತ್ತಾರೆ ಎಂಬುದನ್ನು ಹೇಳಬೇಕೆ?

ನಾಲ್ಕನೆಯದು ದುಡ್ಡು ಮತ್ತು ಹೊತ್ತು. ಓದಿದವರ ಸಂಬಳ ಹೆಚ್ಚು. ಟ್ಯೂಷನ್ನು, ಮೊಬೈಲು, ಓದಲು ಒಂದು ಬೇರೆ ಕೋಣೆ ಎಲ್ಲ ಆ ಸಂಬಳದಿಂದ ಬಂದದ್ದು. ಆದರೆ ಹೆಸರು ಬರುವುದು ಡಿಗ್ರಿಗೆ. ನಾರ್ವೆ ದೇಶದಲ್ಲಿ ಒಂದು ಸ್ವಾರಸ್ಯದ ಸಂಗತಿ ನಡೆಯಿತು. 1959ರಿಂದ ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಅಲ್ಲಿ ಕಡ್ಡಾಯ ಶಾಲೆಯನ್ನು 7 ವರ್ಷದಿಂದ 9ಕ್ಕೆ ಊರೂರಿಗೆ ಏರಿಸುತ್ತ ಹೋದರು. ಎರಡು ವರ್ಷ ಹೆಚ್ಚು ಓದಿದ ಆ ತಲೆಮಾರಿನ ಮಕ್ಕಳು ಕೂಡ ಹೆಚ್ಚು ಓದಿದರೇ ಎಂದು ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದರು. ಉತ್ತರ ಏನು ಬಂತು? ತಾಯಂದಿರ ಓದು ಗಂಡುಮಕ್ಕಳಿಗೆ ಸ್ವಲ್ಪ ನೆರವಾದದ್ದು ಬಿಟ್ಟರೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ! ನಾರ್ವೆಯಂಥ ಸುಭಿಕ್ಷದ ದೇಶದ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ ನಿಜ. ಆದರೂ ಅದು ಹೇಳುವ ಎಚ್ಚರಿಕೆ ನಮಗೂ ಬೇಕು. ತಂದೆ-ತಾಯಿಯ ಓದು ಮತ್ತು ಮಕ್ಕಳ ಮಾರ್ಕ್ಸು ಜೊತೆಯಾಗಿ ನಡೆಯುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಎಳೆಯುತ್ತಿದೆ ಎಂದಲ್ಲ. ಎರಡನ್ನೂ ಎಳೆಯುವ ಎತ್ತು ಬೇರೆ ಇರಬಹುದು.

ಕನ್ನಡ ಓದಿದರೂ ಅನಕ್ಷರಸ್ಥೆ!

ನಾಗಸಂದ್ರ, ಬಾಗಲಗುಂಟೆ, ದಾಸರಹಳ್ಳಿ ಕಡೆ ಇನ್ನೊಂದು ವಿಚಿತ್ರ ಉಂಟು. ಇಲ್ಲಿಯ ಬಾಡಿಗೆ ಮನೆಗಳಲ್ಲಿರುವ ತಾಯಂದಿರೆಲ್ಲ ಹೆಬ್ಬೆಟ್ಟಿನವರಲ್ಲ. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಬಂದ ಹೆಣ್ಣುಮಕ್ಕಳಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು ಬೇಕಾದಷ್ಟು ಜನ. ಪತ್ರಿಕೆ ಓದುತ್ತಾರೆ, ಬಸ್ಸಿನ ಬೋರ್ಡು ಓದುತ್ತಾರೆ, ಚೀಟಿಯ ಲೆಕ್ಕ ಬಾಯಲ್ಲೇ ಹೇಳುತ್ತಾರೆ.

ಮಗುವನ್ನು ಇಂಗ್ಲಿಷ್ ಕಾನ್ವೆಂಟಿಗೆ ಹಾಕಿದ ದಿನವೇ ಆಕೆ ಅನಕ್ಷರಸ್ಥೆಯಾಗುತ್ತಾಳೆ. ಡೈರಿಯಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ. ವಾಟ್ಸಾಪ್ ಗ್ರೂಪಿಗೆ ಬರುವುದು ಇಂಗ್ಲಿಷಿನಲ್ಲಿ. ಫೀಸಿನ ನೋಟೀಸು ಮಾತ್ರ ಹೇಗೋ ಅರ್ಥವಾಗುತ್ತದೆ! ಹತ್ತು ವರ್ಷ ಓದಿದ ಆಕೆಯ ವಿದ್ಯೆ ಮಗಳ ಪಾಲಿಗೆ ಸೊನ್ನೆ. ಬಿಹಾರ, ಒಡಿಶಾದಿಂದ ಬಂದ ಕುಟುಂಬಗಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ತಮ್ಮ ಭಾಷೆ ಓದಬಲ್ಲವರಿಗೂ ಇಲ್ಲಿಯ ಡೈರಿಯ ಕನ್ನಡವೂ ಬಾರದು, ಇಂಗ್ಲಿಷೂ ಬಾರದು.

ಯಾವ ಮಾಧ್ಯಮ ಎಂಬುದನ್ನು ಆರಿಸುವ ಹಕ್ಕು ತಂದೆ-ತಾಯಿಯದೇ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿತು. 2019-20ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಿತು. ಬೇಡಿಕೆ ಜನರದ್ದು, ತಪ್ಪಲ್ಲ. ಆದರೆ ಮಗುವಿಗೆ ಇಂಗ್ಲಿಷ್ ಕೊಡಿಸಲು ಹೋಗಿ ತಾಯಿಯ ಕೈಯಲ್ಲಿದ್ದ ಕನ್ನಡವನ್ನು ಕಸದ ಬುಟ್ಟಿಗೆ ಹಾಕಬೇಕಾದ ಅಗತ್ಯ ಯಾವ ತೀರ್ಪಿನಲ್ಲೂ ಇಲ್ಲ.

ಶಾಲೆ ಮುಚ್ಚಿದ ವರ್ಷ

ಮನೆಯ ತೂಕ ಎಷ್ಟು, ಶಾಲೆಯ ತೂಕ ಎಷ್ಟು ಎಂಬುದನ್ನು ಅಳೆಯಲು ಯಾರೂ ಬೇಡದ ಒಂದು ಪ್ರಯೋಗ 2020ರ ಮಾರ್ಚಿಯಲ್ಲಿ ಶುರುವಾಯಿತು. ಕೋವಿಡ್ ಬಂದು ಶಾಲೆ ಬಾಗಿಲು ಮುಚ್ಚಿತು. ಶಾಲೆ ತೆಗೆದುಬಿಟ್ಟರೆ ಉಳಿಯುವುದು ಮನೆ ಒಂದೇ.

ಓದಿದ ಮನೆಗಳಲ್ಲಿ ಲ್ಯಾಪ್‌ಟಾಪ್ ತೆರೆಯಿತು. ಅಮ್ಮ ಪಕ್ಕದಲ್ಲಿ ಕೂತಳು. ಒಂದೇ ಕೋಣೆಯ ಮನೆಗಳಲ್ಲಿ ಒಂದು ಫೋನು, ಅದೂ ಅಪ್ಪನ ಜೇಬಿನಲ್ಲಿ. ಫ್ಯಾಕ್ಟರಿ ನಿಂತಾಗ ಕರೆನ್ಸಿ ಹಾಕಿಸಲು ದುಡ್ಡಿಲ್ಲ, ಫ್ಯಾಕ್ಟರಿ ತೆರೆದಾಗ ಫೋನು ಮನೆಯಲ್ಲಿಲ್ಲ. 2020ರ ಆಗಸ್ಟಿನಲ್ಲಿ ಸರ್ಕಾರ "ವಿದ್ಯಾಗಮ" ಎಂದು ಮೇಷ್ಟ್ರುಗಳನ್ನು ಓಣಿಗೆ, ಗುಡಿಯ ಜಗಲಿಗೆ, ಮರದ ಕೆಳಕ್ಕೆ ಕಳಿಸಿತು. ಯೋಚನೆ ಒಳ್ಳೆಯದಿತ್ತು. ಸೋಂಕಿನ ಭಯದಲ್ಲಿ ಅಕ್ಟೋಬರಿನಲ್ಲಿ ಅದೂ ನಿಂತಿತು.

ಫಲ? ಅಜೀಂ ಪ್ರೇಂಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿ 2021ರ ಫೆಬ್ರವರಿಯಲ್ಲಿ ವರದಿ ಹೊರತಂದಿತು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡ ಮಕ್ಕಳು ಶೇ. 92. ಲೆಕ್ಕದಲ್ಲಿ ಶೇ. 82. ಇವರು ಸರ್ಕಾರಿ ಶಾಲೆಯ ಮಕ್ಕಳು. ಆ ಶಾಲೆಯನ್ನು "ಅಲ್ಲೇನ್ ಕಲಿಸ್ತಾರೆ ಬಿಡಿ" ಎಂದು ಬೈಯುತ್ತಿದ್ದವರಿಗೆ ಉತ್ತರ ಸಿಕ್ಕಿತು. ಶಾಲೆ ಏನೂ ಕಲಿಸುತ್ತಿರದಿದ್ದರೆ ಮುಚ್ಚಿದಾಗ ಕಳೆದುಕೊಳ್ಳಲು ಏನಿರುತ್ತಿತ್ತು?

ಮನೆ ಸಾಲದಿದ್ದಲ್ಲಿ ಹಾಸ್ಟೆಲು

ಓದು ಬಾರದ ಮನೆಯಿಂದ ಮೇಲೆ ಬಂದವರ ಕತೆ ಹೇಳಿ ಚಪ್ಪಾಳೆ ತಟ್ಟುವುದು ಸುಲಭ. ಅವರು ಹೇಗೆ ಬಂದರು ಎಂದು ಕೇಳುವವರು ಕಡಿಮೆ.

ಕವಿ ಸಿದ್ಧಲಿಂಗಯ್ಯನವರು ಮಾಗಡಿ ಕಡೆಯ ಬಡ ದಲಿತ ಕೂಲಿ ಕುಟುಂಬದಿಂದ ಬಂದವರು. ಬೆಂಗಳೂರಿನ ಶ್ರೀರಾಂಪುರದ ಕೊಳೆಗೇರಿಯಲ್ಲಿ ಬೆಳೆದವರು. ಡಾಕ್ಟರೇಟ್ ಪಡೆದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದರು, ವಿಧಾನ ಪರಿಷತ್ತಿಗೂ ಹೋದರು. 2021ರ ಜೂನಿನಲ್ಲಿ ತೀರಿಕೊಂಡರು. ಪ್ರತಿಭೆ ಅವರದು, ಅನುಮಾನವಿಲ್ಲ. ಆದರೆ ಆ ಪ್ರತಿಭೆಗೆ ದೀಪ, ಊಟ, ಓದುವ ಜೊತೆಗಾರರನ್ನು ಕೊಟ್ಟದ್ದು ಹಾಸ್ಟೆಲು.

ನಾಗಸಂದ್ರದಿಂದ ಇದೇ ರಸ್ತೆ ಹಿಡಿದು ಹೋದರೆ ತುಮಕೂರಿನಲ್ಲಿ ಸಿದ್ಧಗಂಗಾ ಮಠ. ಅಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ, ಓದು. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಹೆಸರನ್ನೇ ಪೀಣ್ಯದ ಮೇಲ್ಸೇತುವೆಗೆ ಇಟ್ಟಿರುವುದು ದಿನವೂ ಅದರ ಮೇಲೆ ಓಡಾಡುವವರಿಗೆ ಗೊತ್ತು. ಮಠಕ್ಕೆ ಬಂದ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ-ಅಮ್ಮ ಶಾಲೆ ಮೆಟ್ಟಿಲು ಹತ್ತದ ರೈತರು, ಕೂಲಿಗಳು. ಅವರ ಮಕ್ಕಳಿಗೆ ಮಠ ಕೊಟ್ಟದ್ದು ಹೊತ್ತಿಗೆ ಸರಿಯಾದ ಊಟ, ಹೊತ್ತಿಗೆ ಸರಿಯಾದ ಓದು, ಪಕ್ಕದಲ್ಲಿ ಕೂತು ಓದುವ ಇನ್ನೊಬ್ಬ ಹುಡುಗ. ಓದಿದ ಅಪ್ಪ ಮನೆಯಲ್ಲಿ ಕೊಡುವುದೂ ಇದನ್ನೇ. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದವರ ಹಾಸ್ಟೆಲುಗಳು ಬೆಳೆದವು, ಆಮೇಲೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು. ಇವೆಲ್ಲ ನಡೆದದ್ದು ಒಂದೇ ತಿಳಿವಳಿಕೆಯ ಮೇಲೆ. ಮನೆ ಕೊಡಲಾರದ್ದನ್ನು ಸಮಾಜ ಕೊಡಬಹುದು.

ಮಂಗಳೂರಿನ ಹರೇಕಳ ಹಾಜಬ್ಬ ಇನ್ನೊಂದು ಬಗೆ. ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ಶಾಲೆಗೆ ಹೋದವರಲ್ಲ. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ತಿಳಿಯದೆ ನಿಂತರು. ಆ ನಾಚಿಕೆಯಿಂದ ತಮ್ಮೂರಿನ ಮಕ್ಕಳಿಗೆ ಶಾಲೆಯನ್ನೇ ಕಟ್ಟಿಸಿದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. "ತಂದೆಯ ವಿದ್ಯಾರ್ಹತೆ" ಎಂಬ ಕಾಲಂನಲ್ಲಿ ಹಾಜಬ್ಬ ಏನು ಬರೆಯಬೇಕು? ಅವರಿಗೆ ಅಕ್ಷರದ ಬೆಲೆ ಗೊತ್ತಿತ್ತು. ಫಾರಂನಲ್ಲಿ ಅದಕ್ಕೆ ಜಾಗವಿಲ್ಲ.

ನಾಗಸಂದ್ರಕ್ಕೆ ಏನು ಬೇಕು?

ಈ ಬೀದಿಗಳಿಗೆ ಹತ್ತು ಸಾವಿರ ಮಕ್ಕಳ ಮಠವನ್ನು ಯಾರೂ ನಾಳೆಯೇ ಕಟ್ಟಿಕೊಡಲಾರರು. ಆದರೆ ಕಾಸು ಖರ್ಚಿಲ್ಲದೆ ಆಗುವ ಕೆಲಸಗಳಿವೆ.

ಒಂದು, ಹೋಂವರ್ಕು. ಶಾಲೆಯಲ್ಲಿ ಕಲಿಸಿದ್ದನ್ನು ಮಗು ಒಂಟಿಯಾಗಿ ಮಾಡಬಲ್ಲಂತಿದ್ದರೆ ಅದು ಹೋಂವರ್ಕು. ಅಪ್ಪನಿಗೆ ಗೂಗಲ್ ಬೇಕು, ಅಮ್ಮನಿಗೆ ಅಂಗಡಿ ಬೇಕು ಎಂದಾದರೆ ಅದು ದಂಡ. ಥರ್ಮೋಕೋಲಿನ ಪ್ರಾಜೆಕ್ಟನ್ನು ಶಾಲೆಯಲ್ಲೇ, ಮಕ್ಕಳ ಕೈಯಲ್ಲೇ, ಒಂದು ಶನಿವಾರ ಮಾಡಿಸಲಿ. ಪುಸ್ತಕದಂಗಡಿಯವರ ವ್ಯಾಪಾರಕ್ಕೆ ಒಂದಿಷ್ಟು ಪೆಟ್ಟು ಬೀಳಬಹುದು. ಅವರ ಮಕ್ಕಳೂ ಅದೇ ಶಾಲೆಗೆ ಹೋಗುವವರಲ್ಲವೆ, ಬೇಸರಪಡುವುದಿಲ್ಲ.

ಎರಡು, ಡೈರಿ. ದಿನಕ್ಕೆ ಒಂದು ನಿಮಿಷ. ಟೀಚರು ಕನ್ನಡದಲ್ಲಿ ಮಾತಾಡಿ ವಾಟ್ಸಾಪಿಗೆ ಹಾಕಲಿ: "ಇವತ್ತು ಈ ಪಾಠ ಆಯ್ತು, ಮಗು ಇಷ್ಟು ಓದಬೇಕು, ನೀವು ಇಷ್ಟು ಕೇಳಿ." ಓದಲು ಬಾರದ ತಾಯಿಗೂ ಕಿವಿ ಇದೆ. ಬಸ್ಸಿನಲ್ಲಿ ನಿಂತುಕೊಂಡೇ ಕೇಳುತ್ತಾಳೆ. ಮನೆಗೆ ಹೋಗಿ ಮಗುವಿನ ಮುಂದೆ ಕೂತು "ಎಲ್ಲಿ, ಓದು ನೋಡೋಣ" ಎನ್ನಲು ಡಿಗ್ರಿ ಬೇಕಿಲ್ಲ.

ಮೂರು, ಪೋಷಕರ ಸಭೆ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದು, ಬಾರದವರನ್ನು "ಇವರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯೇ ಇಲ್ಲ" ಎನ್ನುವುದು ಯಾವ ನ್ಯಾಯ? ಅರ್ಧ ದಿನ ರಜೆ ಹಾಕಿದರೆ ಅರ್ಧ ದಿನದ ಸಂಬಳ ಹೋಗುತ್ತದೆ, ಜೊತೆಗೆ ಸೂಪರ್‌ವೈಸರ್ ಬೈಗುಳ. ಭಾನುವಾರ ಬೆಳಗ್ಗೆ ಕರೆಯಲಿ. ಯಾರಿಗೆ ಆಸಕ್ತಿ ಇದೆ ಎಂಬುದು ಆಗ ತಿಳಿಯುತ್ತದೆ.

ನಾಲ್ಕು, ಸಂಜೆಯ ಜಾಗ. ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮಗು ಅಮ್ಮ ಬರುವ ಏಳರವರೆಗೆ ಬೀದಿಯಲ್ಲಿರುತ್ತದೆ, ಇಲ್ಲವೆ ಮೊಬೈಲಿನಲ್ಲಿರುತ್ತದೆ. ಅದೇ ಹೊತ್ತಿನಲ್ಲಿ ಸರ್ಕಾರಿ ಶಾಲೆಯ ಕೋಣೆಗಳಿಗೆ ಬೀಗ. ಆ ಬೀಗ ತೆಗೆದು, ಒಂದು ಬಲ್ಬು ಹಾಕಿ, ಒಬ್ಬ ಪಿಯುಸಿ ಓದುವ ಹುಡುಗಿಯನ್ನು ಕೂರಿಸಿದರೆ ಮೂರು ಗಂಟೆಯ ಹಾಸ್ಟೆಲು ತಯಾರು. ಊರಿನ ಅಂಗಡಿಗಳ ಸಂಘ ಮನಸ್ಸು ಮಾಡಿದರೆ ಆ ಹುಡುಗಿಯ ಕಾಲೇಜು ಫೀಸು ದೊಡ್ಡ ಮೊತ್ತವಲ್ಲ.

ಐದು, ತಾಯಂದಿರ ಓದು. ಬಿಹಾರ ಮತ್ತು ರಾಜಸ್ಥಾನದ 480 ಹಳ್ಳಿಗಳಲ್ಲಿ ಪ್ರಥಮ್ ಸಂಸ್ಥೆಯೊಂದಿಗೆ ಒಂದು ಪ್ರಯೋಗ ನಡೆಯಿತು. ಕೆಲವು ಕಡೆ ತಾಯಂದಿರಿಗೆ ಅಕ್ಷರ ಕಲಿಸಿದರು, ಕೆಲವು ಕಡೆ ಮಕ್ಕಳ ಓದನ್ನು ಗಮನಿಸುವ ಬಗೆ ಹೇಳಿಕೊಟ್ಟರು, ಕೆಲವು ಕಡೆ ಎರಡನ್ನೂ ಮಾಡಿದರು. ಮಕ್ಕಳ ಲೆಕ್ಕದಲ್ಲಿ ಸುಧಾರಣೆ ಕಂಡಿತು. ದೊಡ್ಡದಲ್ಲ, ಚಿಕ್ಕದು. ಆದರೆ ಕಂಡಿತು. ಅಂದರೆ ತಾಯಿಯ ಓದು ಎಂಬುದು ಹುಟ್ಟಿನೊಂದಿಗೆ ಬಂದು ಸಾವಿನೊಂದಿಗೆ ಹೋಗುವ ಗುಣವಲ್ಲ. ಮೂವತ್ತೈದಕ್ಕೂ ಹೆಚ್ಚಿಸಬಹುದು.

ಆರನೆಯದು ಶಿಕ್ಷಣ ಇಲಾಖೆಯ ಕೆಲಸ. ಅಡ್ಮಿಷನ್ ಫಾರಂಗಳನ್ನು ತರಿಸಿ ನೋಡಲಿ. "ತಂದೆಯ ವಿದ್ಯಾರ್ಹತೆ" ಎಂಬ ಕಾಲಂ ಮಗುವಿನ ಕಲಿಕೆಗೆ ನೆರವಾಗಲೆಂದು ಇದೆಯೋ, ಮಗುವನ್ನು ಬಾಗಿಲಲ್ಲೇ ತಡೆಯಲೆಂದು ಇದೆಯೋ ಎಂದು ಕೇಳಲಿ. ನೆರವಿಗಾದರೆ, ಸೀಟು ಕೊಟ್ಟ ಮೇಲೆ ಬರೆಸಿಕೊಳ್ಳಲಿ. ಅಪ್ಪ ಓದಿಲ್ಲ ಎಂದು ಬರೆದ ಮಗುವಿಗೆ ಸಂಜೆ ಅರ್ಧ ಗಂಟೆ ಹೆಚ್ಚು ಪಾಠ ಹೇಳಲಿ. ಆಗ ಆ ಕಾಲಂಗೆ ಒಂದು ಅರ್ಥ ಬಂದೀತು.

2015ರ ಮೇ 1ರಂದು, ಕಾರ್ಮಿಕರ ದಿನದಂದೇ, ನಾಗಸಂದ್ರಕ್ಕೆ ಮೆಟ್ರೊ ಬಂತು. ಆಗ ಅದೇ ಕೊನೇ ಸ್ಟೇಷನ್. ರೈಲು ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. 2024ರ ನವೆಂಬರ್ 7ರಿಂದ ಅದು ಮಾದಾವರದವರೆಗೆ ಓಡುತ್ತಿದೆ. ಹಳಿ ಹಾಕಿದ್ದರಿಂದ ಮುಂದಕ್ಕೆ ಹೋಯಿತು. ಅಪ್ಪನ ಓದು ನಿಂತ ಸ್ಟೇಷನ್ನಿನಲ್ಲಿ ಮಗಳೂ ಇಳಿಯಲೇಬೇಕೆಂದು ಎಲ್ಲೂ ಬರೆದಿಲ್ಲ. ಹಳಿ ಹಾಕುವವರು ಬೇಕು.

ಅಲ್ಲಿಯವರೆಗೆ ಸಂಜೆ ಆರೂವರೆಗೆ ಪುಸ್ತಕದಂಗಡಿ ಮುಂದೆ ಆ ತಾಯಿ ನಿಂತೇ ಇರುತ್ತಾಳೆ, ಕೈಯಲ್ಲಿ ಡಬ್ಬಿ, ಬಾಯಲ್ಲಿ "ಅದೇನೋ" ಎಂಬ ಮಾತು. ಇಡೀ ದಿನ ಹೊಲಿದ ಕೈ ಪೇಪರ್‌ನಲ್ಲಿ ಸುತ್ತಿದ ಸೂರ್ಯನನ್ನು ಮುರಿಯದಂತೆ ಹಿಡಿದುಕೊಂಡು ರಸ್ತೆ ದಾಟುತ್ತದೆ. ಮಗಳ ಓದಿನಲ್ಲಿ ಅವಳಿಗೆ ಆಸಕ್ತಿ ಇಲ್ಲವೆಂದು ಹೇಳುವವರು ಒಂದು ಸಂಜೆ ಬಂದು ಆ ಅಂಗಡಿ ಮುಂದೆ ನಿಂತು ನೋಡಲಿ.